ಮಿತಾಕ್ಷರದಿಂದ ಉಯಿಲಿನವರೆಗೆ

ಹಲವು ವರ್ಷಗಳ ಹಿಂದೆ ನಾನೂ ನನ್ನ ಶ್ರೀಮತಿಯೂ ಉಯಿಲು ಬರೆಸಲೆಂದು ಇಲ್ಲಿ ಅಮೆರಿಕದಲ್ಲಿ ವಕೀಲರೊಬ್ಬರ ಬಳಿಗೆ ಹೋಗಿದ್ದೆವು. “ನಿಮ್ಮ ಆಸ್ತಿ ಯಾರಿಗೆ ಸೇರಬೇಕು?” ಎಂಬುದು ಅವರ ಮೊದಲ ಪ್ರಶ್ನೆ. ನಮ್ಮ ಪೂರ್ವಿಕರಿಗೆ ಈ ಪ್ರಶ್ನೆಯೇ ಅಪರಿಚಿತವಾಗಿದ್ದಿರಬೇಕೆಂದು ನನಗಾಗ ಅನ್ನಿಸಿತು.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ತಿರುಳು. ಮುಖ್ಯವಾಗಿ ಬಂಗಾಳ, ಅಸ್ಸಾಮುಗಳನ್ನುಳಿದು ಭಾರತದ ಹಿಂದೂಗಳಲ್ಲಿ ಬಹುಪಾಲು ಇದನ್ನೇ ಅನುಸರಿಸಿದರು. ತಂದೆ ಆ ಆಸ್ತಿಯನ್ನು ತನ್ನಿಚ್ಛೆಯಂತೆ ಪರಭಾರೆ ಮಾಡುವಂತಿರಲಿಲ್ಲ. ಆದರೆ ಅವಿಭಕ್ತ ಕುಟುಂಬದಲ್ಲಿ ವೃದ್ಧರ ಅನ್ನ, ಆಶ್ರಯಗಳೂ ಆ ಆಸ್ತಿಗೇ ಅಂಟಿಕೊಂಡಿದ್ದವು.

‘ಉಯಿಲು’ ಎಂಬ ಶಬ್ದವೇ ಇಂಗ್ಲಿಷಿನಿಂದ ಬಂದುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮು, ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನೂ ಉಯಿಲಿನ ಮೂಲಕ ಕೊಡಲು ಅವಕಾಶವಿತ್ತಿತು. ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ, ಕೇಂದ್ರದ ತಿದ್ದುಪಡಿಯಿಂದ 2005ರಲ್ಲಿ ದೊರೆಯಿತು.

ಕೂಡುಕುಟುಂಬ ಕರಗಿದಂತೆ, ಕೊಡುವ ಸ್ವಾತಂತ್ರ್ಯದ ಬೆನ್ನಿಗೇ ಅಪಾಯವೂ ಬಂತು. 1991ರಲ್ಲಿ ನನ್ನ ಸೋದರಮಾವ ತಾವೇ ಕಟ್ಟಿಸಿದ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟರು. “ಉಯಿಲೇಕೆ ಮಾವ, ಈಗಲೇ ಬರೆದುಕೊಟ್ಟುಬಿಡಿ, ಮುಂದೆ ತಕರಾರಿರದು” ಎಂದು ಇಲ್ಲಿಂದ ಕಾಗದ ಹಾಕಿದವನು ನಾನೇ. ಉಯಿಲನ್ನು ಬುದ್ಧಿ ಸ್ವಾಧೀನದಲ್ಲಿರುವವರೆಗೂ ಬದಲಿಸಬಹುದು; ದಾನಪತ್ರ ನೋಂದಣಿಯಾದರೆ ಒಡೆತನ ಕೈಬಿಟ್ಟಂತೆಯೇ. ಎರಡು ವರ್ಷಗಳಲ್ಲಿ ಮನೆ ಮಾರಾಟವಾಯಿತು. ಮಾವ ಕೊನೆಯುಸಿರೆಳೆದದ್ದು ತಂಗಿಯ, ಎಂದರೆ ನನ್ನ ತಾಯಿಯ, ಮನೆಯಲ್ಲಿ.

ಈ ಬಗೆಯ ನೋವಿಗೆ ಪರಿಹಾರವಾಗಿ ಬಂದುದು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ. ಅದು ಜಾರಿಯಾದ ಮೇಲೆ, ನೋಡಿಕೊಳ್ಳಬೇಕೆಂಬ ಶರತ್ತಿನೊಡನೆ ಆಸ್ತಿ ಪಡೆದವರು ಮಾತಿಗೆ ತಪ್ಪಿದರೆ, 60 ತುಂಬಿದ ಭಾರತೀಯ ಪೌರರು ನ್ಯಾಯಮಂಡಳಿಯ ಮೂಲಕ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು. 23ನೆಯ ಕಲಮು ಹೀಗೆನ್ನುತ್ತದೆ. ಶರತ್ತು ಇದ್ದೇ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರಲ್ಲಿ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತು.

ಬಂಧುಗಳೇ, ಊರಿನ ಹಿರಿಯರಿಗೆ ದೂರದಿಂದ ಸಲಹೆ ನೀಡುವವರು ನಾವು. ಅವರು ಕೊಡುವುದಾದರೆ ಉಯಿಲು ಬರೆಯಲಿ, ಇಬ್ಬರು ಸಾಕ್ಷಿಗಳು ರುಜು ಹಾಕಲಿ. ದಾನವೇ ಆಗಬೇಕಿದ್ದರೆ ಪೋಷಣೆಯ ಶರತ್ತು ಪತ್ರದಲ್ಲಿಯೇ ಇರಲಿ. ಆ ಒಂದು ಸಾಲನ್ನು ನನ್ನ ಕಾಗದದಲ್ಲಿ ನಾನು ಬರೆಯಲಿಲ್ಲ.