ಚಂದ್ರದ್ರೋಣದ ಕಾಲುದಾರಿಗಳು

ಚಿಕ್ಕಮಗಳೂರಿನ ಸುತ್ತಣ ಬೆಟ್ಟಗಳನ್ನು ಹತ್ತಲು ಬರುವ ಚಾರಣಿಗರಿಗಾಗಿ ಅಲ್ಲಿಯ ದಾರಿಗಳನ್ನು ಸುಲಭ, ಸಾಧಾರಣ, ಕಠಿಣ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿ ಹೇಳುವ ಪದ್ಧತಿ ಈಚೆಗೆ ಬಳಕೆಗೆ ಬಂದಿದೆ. ಏರು ಎಷ್ಟು ಕಡಿದು, ನಡೆಯಬೇಕಾದ ದೂರವೆಷ್ಟು, ಉಬ್ಬಸ ಎಲ್ಲಿ ಮೊದಲಾಗುತ್ತದೆ ಎಂಬಿವು ಆ ವಿಂಗಡಣೆಗೆ ಆಧಾರ. ಹೊಟ್ಟೆ ತುಂಬ ಉಂಡು, ಬೆನ್ನಿಗೊಂದು ಹಗುರವಾದ ಚೀಲವನ್ನು ತೂಗಿಕೊಂಡು, ಸಂಜೆಗೆ ಮರಳುವ ನಿಶ್ಚಯದಿಂದ ಹೊರಡುವವನ ದೇಹಶಕ್ತಿಯೇ ಅಲ್ಲಿಯ ಅಳತೆಗೋಲು. ಇದೇ ಬೆಟ್ಟಗಳಲ್ಲಿ ತಲೆತಲಾಂತರದಿಂದ ನಡೆದಾಡಿದವರೂ ದಾರಿಗಳನ್ನು ಮೂರು ಬಗೆಯಾಗಿಯೇ ಎಣಿಸುತ್ತಿದ್ದರಾದರೂ ಅವರ ಎಣಿಕೆ ಹೊರೆಯನ್ನು ಅನುಸರಿಸಿತ್ತು: ಗಾಲಿ ಉರುಳುವಷ್ಟು ಅಗಲವೂ ಮಟ್ಟವೂ ಉಳ್ಳದ್ದು ಬಂಡಿದಾರಿ, ಬೆನ್ನಿನ ಇಕ್ಕೆಲಗಳಲ್ಲಿ ಗೋಣಿ ಹೊತ್ತ ಎತ್ತು ಕಾಲು ಜಾರದೆ ಹತ್ತಿ ಇಳಿಯಬಲ್ಲುದು ಹೇರಿನ ದಾರಿ, ಮನುಷ್ಯನೊಬ್ಬನ ಪಾದಕ್ಕೆ ಮಾತ್ರ ಎಡೆಗೊಡುವುದು ಕಾಲುದಾರಿ. ಬೆಟ್ಟವನ್ನು ನೋಡುವುದಕ್ಕೆಂದು ಆ ಕಾಲದಲ್ಲಿ ಯಾರೂ ದಾರಿ ಸವೆಯಿಸಿದವರಲ್ಲ. ಉಪ್ಪಿಗಾಗಿ, ಹರಕೆಗಾಗಿ, ಕೂಲಿಗಾಗಿ ಸವೆದ ದಾರಿಗಳ ಮೇಲೆಯೇ ನಾವಿಂದು ವಿಹಾರಾರ್ಥವಾಗಿ ನಡೆಯುತ್ತಿದ್ದೇವೆ; ಆ ಹಿಂದಿನ ಅಗತ್ಯಗಳನ್ನು ಅರಿಯದೆ ಅವುಗಳ ಏರಿಳಿತವನ್ನು ಮಾತ್ರ ಅಳೆದರೆ ಅರ್ಧ ಅರಿತಂತಾಗುವುದು.

ಪೇಟೆಯ ಉತ್ತರಕ್ಕೆ ಎದ್ದು ನಿಂತಿರುವ ಚಂದ್ರದ್ರೋಣ ಪರ್ವತವು ಒಂದೇ ಶಿಖರವಲ್ಲ, ಕುದುರೆಲಾಳದಂತೆ ಬಾಗಿದ ಒಂದು ಶ್ರೇಣಿ. ಮುಳ್ಳಯ್ಯನಗಿರಿ ೬೩೧೭ ಅಡಿ, ಬಾಬಾಬುಡನ್‌ಗಿರಿ ೬೨೧೪ ಅಡಿ, ಕಲ್ಹತ್ತಿಗಿರಿ ೬೧೫೫ ಅಡಿ ಎಂದು ಮೈಸೂರು ಗ್ಯಾಸೆಟಿಯರು ಲೆಕ್ಕ ಕೊಟ್ಟಿದೆ. ಇವುಗಳಲ್ಲಿ ಮೊದಲನೆಯದು ಕರ್ನಾಟಕದಲ್ಲಿಯೇ ಅತ್ಯುನ್ನತ. ಬಾಗಿನ ಒಳಮೈಯಲ್ಲಿ ಜಾಗರದ ಕಣಿವೆ, ಕಾಡು, ಭದ್ರೆಗೆ ಇಳಿದುಹೋಗುವ ಹಳ್ಳಗಳು. ಹೊರಮೈಯ ಪೂರ್ವಕ್ಕೆ ಬಯಲುಸೀಮೆಯ ಕೆರೆಗಳು, ರಾಗಿಯ ಹೊಲಗಳು. ಶ್ರೇಣಿಯ ನೆತ್ತಿಯ ಮೇಲೆ ಮರವಿಲ್ಲ, ಹುಲ್ಲು ಮಾತ್ರ. ಸೀಳುಗಳಲ್ಲಿ ಮಾತ್ರ ಕುಳ್ಳಗಿನ ದಟ್ಟವಾದ ಶೋಲಾ ಕಾಡು. ಬೆಟ್ಟದ ದಾರಿಗಳಿಗೆ ಈ ರಚನೆಯೇ ಮೂಲ. ಹುಲ್ಲುಗಾವಲಿನ ಏಣಿನ ಮೇಲೆ ದಾರಿ ಹಿಡಿದು ನಡೆದರೆ ದಿಕ್ಕು ತಪ್ಪುವುದಿಲ್ಲ, ಆನೆಯ ಭಯ ಕಡಿಮೆ, ಆದರೆ ಮಳೆಗಾಲದ ಗಾಳಿಗೆ ಮರೆಯಿಲ್ಲ. ಕಣಿವೆಯಲ್ಲಿ ಹಿಡಿದರೆ ಮರೆಯುಂಟು, ನೀರುಂಟು, ಜೊತೆಗೆ ಇಂಬಳವುಂಟು, ಹಿಂದಿನ ಕಾಲದಲ್ಲಾದರೆ ಮಲೇರಿಯವೂ ಉಂಟು.

ಈ ಸೀಮೆಯ ದಾರಿಗಳಲ್ಲಿ ವಯಸ್ಸಿಗೆ ಹಿರಿಯವು ಯಾವುವೆಂದರೆ, ನನ್ನ ಮಟ್ಟಿಗೆ, ಶಿಖರಗಳಿಗೆ ಹತ್ತುವ ದಾರಿಗಳಲ್ಲ, ಘಟ್ಟವನ್ನು ದಾಟುವ ದಾರಿಗಳು. ಮೇಲಿನ ಸೀಮೆಯಲ್ಲಿ ಅಡಕೆ, ಮೆಣಸು, ಏಲಕ್ಕಿ, ಭತ್ತ, ಇಲ್ಲದ್ದೆಂದರೆ ಉಪ್ಪು. ಕೆಳಗಿನ ಸೀಮೆಯಲ್ಲಿ ಉಪ್ಪು, ತೆಂಗು, ಒಣಮೀನು, ಬಂದರು. ಇವೆರಡರ ನಡುವೆ ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ಕಣಿವೆಯೊಂದು ಬಾಯ್ದೆರೆದಿರುವಾಗ ಜನ ಅಲ್ಲಿ ಇಳಿಯದೆ ಇದ್ದಾರೆಯೆ? ಬಂಡಿ ಇಳಿಯಲಾರದ ಆ ಕಡಿದಿನಲ್ಲಿ ಸರಕನ್ನು ಸಾಗಿಸಿದುದು ಹೇರಿನ ಎತ್ತು. ಜೋಡು ಚೀಲವನ್ನು ನಡುವೆ ಹೊಲಿದು ಎತ್ತಿನ ಬೆನ್ನಿಗೆ ಅಡ್ಡಹಾಕಿದರೆ ಎರಡು ಪಕ್ಕದ ಭಾರ ಸಮವಾಗುವುದು. ರಾತ್ರಿ ತಂಗುವಲ್ಲಿ ಇಬ್ಬರು ಸೇರಿ ಒಂದೇ ಸಲಕ್ಕೆ ಅದನ್ನು ಇಳಿಸಿ, ಚೀಲಗಳನ್ನೇ ಗೋಡೆಯಂತೆ ಒಟ್ಟಿ, ಅದರ ಮರೆಯಲ್ಲಿ ಬೆಂಕಿ ಹಾಕಿ, ಎತ್ತುಗಳನ್ನು ಹುಲ್ಲಿಗೆ ಬಿಡುವರು. ಗುಂಪಿನ ಮುಂದೆ ನಡೆಯುವ ಎತ್ತಿನ ಕೊರಳ ಗಂಟೆಯ ದನಿ ಎದುರಿನಿಂದ ಬರುವ ಗುಂಪಿಗೆ ಸೂಚನೆ; ಏಕೆಂದರೆ ದಾರಿಯ ತಿರುವಿನಲ್ಲಿ ಎರಡು ಹೇರುಗಳು ಎದುರಾದರೆ ಹಿಂದೆ ಸರಿಯುವುದು ಯಾವುದಕ್ಕೂ ಸಾಧ್ಯವಿಲ್ಲ. ಲಂಬಾಣಿಗಳು ಇಂಥ ಸಾಗಣೆಯಲ್ಲಿ ಬಹುಕಾಲ ಪ್ರಸಿದ್ಧರಾಗಿದ್ದರು. ಮುಂಗಾರು ಹಿಡಿದಾಗ ಘಟ್ಟ ಮುಚ್ಚಿದಂತೆಯೇ. ಆದುದರಿಂದ ಮಲೆನಾಡಿನ ಗೃಹಿಣಿಯು ಮಳೆಗೆ ಮೊದಲೇ ವರ್ಷದ ಉಪ್ಪನ್ನು ಕೂಡಿಟ್ಟುಕೊಳ್ಳುತ್ತಿದ್ದುದು ಜಾಣತನಕ್ಕಿಂತ ಹೆಚ್ಚಾಗಿ ನಿರ್ಬಂಧ.

ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಅಂಗಡಿ ಗ್ರಾಮವು ಮೂಡಿಗೆರೆ ತಾಲ್ಲೂಕಿನಲ್ಲಿ, ಈ ಘಟ್ಟದ ಅಂಚಿನಿಂದ ಬಹಳ ದೂರವಿಲ್ಲದ ಕಾಡಿನ ನಡುವೆ ಇದೆ. ಘಟ್ಟದ ತುದಿಯಲ್ಲಿಯೇ ಅವರ ಹೆಸರನ್ನು ಹೊತ್ತ ಬಲ್ಲಾಳರಾಯನ ದುರ್ಗವೂ ಇದೆ. ಸಳನು ಹುಲಿಯನ್ನು ಕೊಂದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಓದಿದ್ದೇವೆ. ಆದರೆ ಕಾಡಿನ ಮೂಲೆಯ ಒಂದು ಮನೆತನಕ್ಕೆ ರಾಜ್ಯ ಕಟ್ಟುವ ಬಲ ಎಲ್ಲಿಂದ ಬಂದಿತೆಂದು ಯೋಚಿಸುವಾಗ, ಘಟ್ಟವನ್ನು ಹಾಯುವ ಮೆಣಸಿನ, ಉಪ್ಪಿನ ಹೇರುಗಳು ಯಾರ ಬಾಗಿಲ ಮುಂದೆ ಹಾದು, ಯಾರಿಗೆ ಸುಂಕ ತೆತ್ತಿರಬಹುದೆಂಬುದನ್ನೂ ಯೋಚಿಸುವುದು ಅಸಂಗತವಾಗದು. ಇದು ಊಹೆ, ಊಹೆಯೆಂದೇ ಓದುಗರು ಎಣಿಸತಕ್ಕದ್ದು.

ಶಿಖರಗಳಿಗೆ ದಾರಿಮಾಡಿದುದು ಭಕ್ತಿ. ದತ್ತಾತ್ರೇಯ ಪೀಠವೆಂದೂ ಬಾಬಾಬುಡನ್ ದರ್ಗಾ ಎಂದೂ ಹೆಸರಾದ ಗುಹೆಗೆ ಹಿಂದೂಗಳೂ ಮುಸಲ್ಮಾನರೂ ಒಂದೇ ಏರನ್ನು ಹತ್ತಿಕೊಂಡು ಬಂದರು. ಅಲ್ಲಿಂದ ಮುಂದೆ ಮಾಣಿಕ್ಯಧಾರೆಯವರೆಗೆ ನಡೆದು, ಬಂಡೆಯಿಂದ ಮಣಿಮಣಿಯಾಗಿ ತೊಟ್ಟಿಕ್ಕುವ ನೀರಿನಲ್ಲಿ ಮಿಂದು, ಉಟ್ಟ ಬಟ್ಟೆಯೊಂದನ್ನು ಅಲ್ಲಿಯೇ ಬಿಟ್ಟುಬರುವ ವಾಡಿಕೆಯೂ ಬೆಳೆಯಿತು. (ಆ ಬಟ್ಟೆಗಳ ರಾಶಿಯನ್ನು ತೆಗೆಯುವುದು ಇಂದು ಒಂದು ಕೆಲಸವೇ ಆಗಿದೆ, ಹರಕೆಯು ಹಗುರವಾದಷ್ಟೂ ಬೆಟ್ಟಕ್ಕೆ ಭಾರ.) ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರನು ಮಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ನೆಟ್ಟನೆಂಬುದು ಸರ್ವವಿದಿತವಾದ ಐತಿಹ್ಯ. ಮುಳ್ಳಯ್ಯನಗಿರಿಯ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಚಿಕ್ಕ ಗುಡಿ. ಅದಕ್ಕೆ ಏರುವ ಸರ್ಪದಾರಿಯು ಮೂರು ನಾಲ್ಕು ಕಿಲೋಮೀಟರುಗಳಲ್ಲಿ ಏಣಿನ ಮೇಲೆ ಹೊರಳಿ ಹೊರಳಿ ಹತ್ತುವುದು. ನೆರಳಿಲ್ಲ, ನೀರಿಲ್ಲ. ಹುಲ್ಲಿನ ನಡುವೆ ಒಂದು ಮೊಳ ಅಗಲದ ಕೆಂಪು ಮಣ್ಣಿನ ಗೆರೆ, ಅದರ ಮೇಲೆ ಮಳೆಗೆ ಬತ್ತಲಾದ ಕಲ್ಲುಗಳು, ಅಷ್ಟೆ.

ಈ ಎಲ್ಲ ಏರುಗಳಲ್ಲಿ ನನಗೆ ಅತ್ಯಂತ ಗಣ್ಯವಾಗಿ ತೋರುವುದು ದೇವಿರಮ್ಮನ ಬೆಟ್ಟದ್ದು. ಮಲ್ಲೇನಹಳ್ಳಿಯ ಬಳಿ ಬಿಂಡಿಗದಲ್ಲಿ ದೇವಿಯ ಗುಡಿಯುಂಟು. ಅದರ ಹಿಂದೆ ಗೋಪುರಾಕಾರವಾಗಿ, ಸುತ್ತಣ ಶ್ರೇಣಿಯಿಂದ ತುಸು ಬೇರೆಯಾಗಿ ನಿಂತ ಬೆಟ್ಟದ ತುದಿಗೆ ವರ್ಷಕ್ಕೊಮ್ಮೆ, ದೀಪಾವಳಿಯ ನರಕಚತುರ್ದಶಿಯಂದು, ಸಹಸ್ರಾರು ಜನ ಬರಿಗಾಲಿನಲ್ಲಿ ಹತ್ತುವರು. ಹಿಂದಿನ ರಾತ್ರಿಯೇ ಏರು ಮೊದಲಾಗುವುದು. ಕೆಲವರು ಮಲ್ಲೇನಹಳ್ಳಿಯ ಕಡೆಯಿಂದ, ಕೆಲವರು ಅರಿಶಿನಗುಪ್ಪೆಯ ಕಡೆಯಿಂದ, ಮತ್ತೆ ಕೆಲವರು ಮಾಣಿಕ್ಯಧಾರೆಯ ಕಡೆಯ ಏಣಿನಿಂದ ಬರುವರು. ಒಂದೇ ಬೆಟ್ಟಕ್ಕೆ ಭಿನ್ನಭಿನ್ನ ಶ್ರಮದ ದಾರಿಗಳಿದ್ದರೂ ಇಂಥ ದಾರಿಯಿಂದ ಬಂದವನಿಗೆ ಪುಣ್ಯ ಹೆಚ್ಚೆಂಬ ತಾರತಮ್ಯ ಅಲ್ಲಿಲ್ಲ. ಆಶ್ವಯುಜದ ಕೊನೆಯ ಮಳೆ ಬಿದ್ದಿದ್ದರೆ ಮಣ್ಣು ಬೆಣ್ಣೆಯಾಗಿರುವುದು, ಮೆಟ್ಟಿಲಿಲ್ಲ, ಆಧಾರವಿಲ್ಲ, ಕಡಿದಾದೆಡೆಗಳಲ್ಲಿ ಕಟ್ಟಿದ ಹಗ್ಗವನ್ನು ಹಿಡಿದು, ಮುಂದಿನವನ ಹಿಮ್ಮಡಿಯನ್ನೇ ನೋಡುತ್ತ, ಹಿಂದಿನವನಿಗೆ ಕೈಕೊಡುತ್ತ ಹತ್ತಬೇಕು. ಅಜ್ಜಿಯರು ಹತ್ತುವರು, ಎಳೆಗೂಸುಗಳನ್ನು ಹೆಗಲಿಗೇರಿಸಿಕೊಂಡ ತಂದೆಯರು ಹತ್ತುವರು. ತುದಿಯಲ್ಲಿ ಉರಿಸುವ ದೀಪಕ್ಕಾಗಿ ಕಟ್ಟಿಗೆ, ತುಪ್ಪ, ಬಟ್ಟೆಗಳನ್ನು ಭಕ್ತರೇ ಹೊತ್ತೊಯ್ಯುವರು. ಆ ಬೆಳಕು ಕಂಡ ಮೇಲೆಯೇ ಸುತ್ತಣ ಹಳ್ಳಿಗಳಲ್ಲಿ ಹಬ್ಬ. ಹಿಂದೆ ಮೈಸೂರಿನ ಅರಮನೆಯಿಂದಲೂ ಅದನ್ನು ನೋಡುತ್ತಿದ್ದರೆಂದು ಊರವರ ಹೇಳಿಕೆ. ಚಾರಣಿಗರ ಲೆಕ್ಕದಲ್ಲಿ ಕಠಿಣವೆನ್ನಬೇಕಾದ ಈ ಏರನ್ನು ಜೀವಮಾನದಲ್ಲಿ ಬೇರಾವ ಬೆಟ್ಟವನ್ನೂ ಹತ್ತದವರು ಒಂದು ರಾತ್ರಿಯಲ್ಲಿ ಹತ್ತಿ ಇಳಿಯುವುದನ್ನು ಕಂಡರೆ, ದಾರಿಯ ಕಾಠಿಣ್ಯವೆಂಬುದು ದಾರಿಯಲ್ಲಿಯೇ ಇರುವ ಗುಣವೆಂಬ ನಂಬಿಕೆ ಸಡಿಲವಾಗುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯು ಫಕೀರನ ಅಂಗಳವನ್ನು ಬಿಟ್ಟು ವ್ಯಾಪಾರದ ಬೆಳೆಯಾದಾಗ ಬೆಟ್ಟದ ದಾರಿಗಳ ಚರಿತ್ರೆಯೇ ಮಗ್ಗುಲು ಬದಲಿಸಿತು. ಕ್ಯಾನನ್ ಎಂಬ ಐರೋಪ್ಯನು ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದ ಸಾಲಿನಲ್ಲಿ ತೋಟವನ್ನೆಬ್ಬಿಸಿದನು. ಆತನ ಬೆನ್ನಿಗೆ ಬಂದವರು, ಅವರನ್ನು ನೋಡಿ ಕಲಿತ ಊರಿನ ಗೌಡರು, ಎಲ್ಲರೂ ಕಾಡನ್ನು ಸವರಿ, ಇಳಿಜಾರಿಗೆ ಅಡ್ಡಹಾಯ್ದು ಕುದುರೆ ನಡೆಯುವಂಥ ಹದವಾದ ಏರಿನ ದಾರಿಗಳನ್ನು ಕಡಿಸಿದರು. ತೋಟದ ಕಾಫಿಯು ಹದವಾಗಿ ಹಡಗೇರುವುದಕ್ಕೆ ಮಂಗಳೂರಿಗೆ ಇಳಿಯಬೇಕಾಗಿದ್ದಿತು, ಅದಕ್ಕೆ ರಸ್ತೆ ಬೇಕಾಗಿದ್ದಿತು. ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಮೈಸೂರು ಸಂಸ್ಥಾನವು ಸುಮಾರು ೧೬೦೦ ಮೈಲಿಗಳಷ್ಟು ರಸ್ತೆಯನ್ನು ಪಡೆದುದು ಲೋಕೋಪಕಾರವೆಂದು ಹೊಗಳಲ್ಪಟ್ಟಿದೆ, ಹೊಗಳಿಕೆ ಸಲ್ಲತಕ್ಕದ್ದೇ. ಘಟ್ಟದ ರಸ್ತೆಗಳಾದ ಮೇಲೆ ಹೇರಿನ ಎತ್ತು ಬಂಡಿಗೆ ಸೋತಿತು. ೧೮೮೯ರಲ್ಲಿ ಬೆಂಗಳೂರು–ಹರಿಹರದ ರೈಲು ಕಡೂರಿನ ಮೇಲೆ ಹಾದುಹೋದ ಮೇಲೆ ಸರಕಿಗೆ ಪೂರ್ವದ ಬಾಗಿಲೂ ತೆರೆಯಿತು. ಚಿಕ್ಕಮಗಳೂರಿಗೇ ರೈಲು ಬಂದುದಾದರೋ ೨೦೧೩ರಲ್ಲಿ. ಅಲ್ಲಿಯವರೆಗೆ ಅದು ರೈಲಿಲ್ಲದ ಜಿಲ್ಲಾ ಕೇಂದ್ರವಾಗಿಯೇ ಉಳಿಯಿತು.

ಆದರೆ ಈ ರಸ್ತೆಗಳ ಮೇಲೆ ಅತಿ ಹೆಚ್ಚು ನಡೆದವರು ಗ್ಯಾಸೆಟಿಯರುಗಳಲ್ಲಿ ಅಂಕಿಗಳಾಗಿಯಷ್ಟೆ ಕಾಣುವರು. ಕರಾವಳಿಯಲ್ಲಿ ಕೊಯ್ಲು ಮುಗಿದು ಕೈಗೆ ಕೆಲಸವಿಲ್ಲದಾಗ ತುಳುನಾಡಿನ ಕೂಲಿಕಾರರು ಮೇಸ್ತ್ರಿಯಿಂದ ಮುಂಗಡ ಪಡೆದು, ಹಾಸಿಗೆಯ ಚಾಪೆಯನ್ನೂ ಗಂಜಿಯ ಮಡಕೆಯನ್ನೂ ತಲೆಯ ಮೇಲಿರಿಸಿ, ಮಕ್ಕಳನ್ನು ಸೊಂಟಕ್ಕೆತ್ತಿಕೊಂಡು ಘಟ್ಟ ಹತ್ತುತ್ತಿದ್ದರು. ತೋಟದ ಹಣ್ಣು ಕೊಯ್ದು, ಮುಂಗಡ ತೀರಿದರೆ, ಮಳೆಗೆ ಮೊದಲು ಇಳಿಯುತ್ತಿದ್ದರು. ತೀರದಿದ್ದರೆ ಮತ್ತೊಂದು ವರ್ಷ. ಘಟ್ಟದ ಜ್ವರದಿಂದ ಇಳಿಯದೆಯೇ ಹೋದವರೂ ಉಂಟು. ಅವರ ಪಾಲಿಗೆ ಆ ದಾರಿ ಯಾವ ದರ್ಜೆಯದೆಂದು ಯಾರು ಬರೆಯುವರು?

ಕೆಮ್ಮಣ್ಣುಗುಂಡಿಯ ಕಥೆ ಬೇರೆಯೇ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಮೊದಲಿಟ್ಟಾಗ ಅದರ ಅದುರು ಈ ಬೆಟ್ಟದಿಂದ ಹೋಯಿತು. ಎತ್ತೂ ಇಲ್ಲ, ಬಂಡಿಯೂ ಇಲ್ಲ, ಉಕ್ಕಿನ ಹಗ್ಗಕ್ಕೆ ತೂಗಿದ ತೊಟ್ಟಿಗಳಲ್ಲಿ ಆಕಾಶಮಾರ್ಗವಾಗಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ ಸಾಗಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿ ಬೇಸಗೆಯ ಬಿಡಾರ ಮಾಡಿದುದರಿಂದ ಅದು ಗಿರಿಧಾಮವಾಯಿತು. ಇಡೀ ಶ್ರೇಣಿಯಲ್ಲಿ ಕೇವಲ ವಿಹಾರಕ್ಕಾಗಿ ರೂಪಿಸಿದ ನಡಿಗೆಯ ದಾರಿಗಳು ಎಲ್ಲಿಯಾದರೂ ಇದ್ದರೆ ಅವು ಇಲ್ಲಿಯವೇ ಇರಬೇಕು.

ಮೋಟಾರು ಬಂದ ಮೇಲೆ ನಡೆದುದನ್ನು ದೀರ್ಘವಾಗಿ ಹೇಳಬೇಕಾದುದಿಲ್ಲ. ಕೈಮರದಿಂದ ಏರುವ ರಸ್ತೆ ಸೀತಾಳಯ್ಯನಗಿರಿಯನ್ನು ಮುಟ್ಟಿ, ಮುಳ್ಳಯ್ಯನಗಿರಿಯ ಮೆಟ್ಟಿಲುಗಳ ಬುಡದವರೆಗೂ ಹೋಯಿತು, ಹರಕೆಯವರು ವಾಹನವೇರಿದರು, ಸರ್ಪದಾರಿಯು ಗಾಲಿಗೆ ಒಗ್ಗದ ಕಾರಣದಿಂದಲೇ ಉಳಿದುಕೊಂಡು ಚಾರಣಿಗರ ಪಾಲಾಯಿತು. ೧೯೫೧ರಲ್ಲಿ ಜಾಗರದ ಕಣಿವೆಯು ವನ್ಯಮೃಗಗಳ ರಕ್ಷಣೆಗೆ ಮೀಸಲಾಯಿತು, ಮುಂದೆ ಅದೇ ಭದ್ರಾ ಅಭಯಾರಣ್ಯವಾಗಿ ಬೆಳೆಯಿತು. ಒಳಮೈಯ ಎಷ್ಟೋ ಕಾಲುದಾರಿಗಳು ಹೀಗೆ ನ್ಯಾಯವಾಗಿಯೇ ಮುಚ್ಚಿದುವು. ೨೦೨೨ರಲ್ಲಿ ಇಳಿಜಾರುಗಳ ಮೇಲೆ ಕುರಿಂಜಿ ಅರಳಿದಾಗ ಬಂದ ಜನಸಂದಣಿಯನ್ನು ಕಂಡವರಿಗೆ ಮಿತಿಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಇಷ್ಟಾಗಿಯೂ ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳು ಮೂಡಿಗೆರೆಯನ್ನು ಹಾದು, ಚಾರ್ಮಾಡಿಯನ್ನು ಇಂದಿಗೂ ಕಾಲ್ನಡಿಗೆಯಲ್ಲಿ ಇಳಿಯುತ್ತಾರೆ. ೨೦೧೯ರ ಆಗಸ್ಟಿನ ಮಳೆಗೆ ಆ ಘಟ್ಟದ ರಸ್ತೆ ಕುಸಿದಾಗ ನಿಂತುಹೋದುವು ಬಸ್ಸುಗಳು, ಲಾರಿಗಳು.

ನನಗೆ ಆತಂಕವಿರುವುದು ಕಾಡು ನುಂಗಿದ ದಾರಿಗಳ ವಿಷಯದಲ್ಲಲ್ಲ, ಬೇಲಿ ನುಂಗುತ್ತಿರುವ ದಾರಿಗಳ ವಿಷಯದಲ್ಲಿ. ತೋಟದಿಂದ ತೋಟಕ್ಕೆ, ಊರಿಂದ ಗುಡಿಗೆ, ಹಟ್ಟಿಯಿಂದ ಹಳ್ಳಕ್ಕೆ ಹೋಗುತ್ತಿದ್ದ ಕಾಲುದಾರಿಗಳಿಗೆ ತಂತಿ ಬಿಗಿದು, ಗೇಟು ಹಾಕಿ, ಒಳಗೆ ವಸತಿಗೃಹ ಕಟ್ಟುವುದು ದಿನನಿತ್ಯದ ಮಾತಾಗಿದೆ. ಸಂಸ್ಥಾನದಲ್ಲಿ ಭೂಮಾಪನ ಮೊದಲಾದಂದಿನಿಂದ ಪ್ರತಿ ಗ್ರಾಮಕ್ಕೂ ನಕಾಶೆಯೆಂಬುದೊಂದು ಇದೆ. ಅದರಲ್ಲಿ ಬಂಡಿದಾರಿಗೆ ಒಂದು ಗುರುತು, ಕಾಲುದಾರಿಗೆ ಇನ್ನೊಂದು ಗುರುತು ಇರುವುದು. ನಕಾಶೆ ಕಂಡ ದಾರಿಯನ್ನು ಮುಚ್ಚುವ ಹಕ್ಕು ಯಾವ ಹಿಡುವಳಿದಾರನಿಗೂ ಇಲ್ಲ. ಆದುದರಿಂದ ಆ ಬೆಟ್ಟಗಳ ತಪ್ಪಲಿನಲ್ಲಿ ವಾಸಿಸುವ ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟು: ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು ನಿಮ್ಮ ಗ್ರಾಮದ ನಕಾಶೆಯ ಪ್ರತಿಯೊಂದನ್ನು ಪಡೆದುಕೊಳ್ಳಿರಿ, ದಾರಿ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅದರಲ್ಲಿರುವ ಕಾಲುದಾರಿಗಳನ್ನು ಈ ಬೇಸಗೆಯಲ್ಲಿಯೇ ಒಮ್ಮೆ ನಡೆದು ನೋಡಿರಿ, ಮುಚ್ಚಿದವು ಯಾವುವೆಂದು ಪಟ್ಟಿಮಾಡಿ ಗ್ರಾಮಸಭೆಯ ಮುಂದಿಡಿರಿ.