ಧ್ವನಿಗೆ ಬೀಗ ಹಾಕಿದವರು, ಬೀಗ ತೆಗೆದವರು

ಆಟ, ಕೂಟ, ಹಾಡು, ಮಾತು ಇವುಗಳನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು ಗಡಿನಾಡಿನ ಕನ್ನಡ ಮನೆಗಳಿಗೆ ಕೇವಲ ಹವ್ಯಾಸವಲ್ಲ. ಅಜ್ಜಿಯ ಬಾಯಲ್ಲಿದ್ದ ಶಬ್ದ ಮೊಮ್ಮಗಳ ಬಾಯಿಗೆ ಬಾರದೆ ಹೋದೀತೆಂಬ ಆತಂಕವಿರುವಲ್ಲಿ ಧ್ವನಿಯೂ ಒಂದು ಆಸ್ತಿಯೇ. ಹಿಂದೆ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟವರು ನಾವು. ಇಂದು ಅವೆಲ್ಲ ಮೊಬೈಲಿನೊಳಗೆ ಸೇರಿವೆ. ಆದರೆ ಆ ಪೆಟ್ಟಿಗೆಯ ಕೀಲಿಕೈ ಯಾರ ಕೈಯಲ್ಲಿದೆ ಎಂದು ನಾವು ವಿಚಾರಿಸಿದ್ದು ಕಡಿಮೆ. ವಿಚಾರಿಸಿದ ಕೆಲವರು ದೂರದ ದೇಶಗಳಲ್ಲಿದ್ದರು. ಅವರ ಕತೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ನಾನು ಎಂಜಿನಿಯರನಲ್ಲ, ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಆದರೆ ಈ ಕತೆಯಲ್ಲಿ ಅರ್ಧ ಲೆಕ್ಕವಿದೆ, ಇನ್ನರ್ಧ ನ್ಯಾಯವಿದೆ. ಎರಡಕ್ಕೂ ಎಂಜಿನಿಯರೇ ಆಗಬೇಕೆಂದಿಲ್ಲ.

ಮೊದಲು ಲೆಕ್ಕ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಎಡ ಬಲ ಎರಡು ಕಿವಿಗಳಿಗೂ ಬೇರೆಬೇರೆಯಾಗಿ ಬರೆಯುತ್ತಾರೆ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದು ನಿಮಿಷಕ್ಕೆ ಒಂದು ಕೋಟಿ ಬೈಟ್‌ಗಿಂತ ಹೆಚ್ಚು. ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ ಬರುತ್ತಿದ್ದ ಕಾಲದಲ್ಲಿ ಇಷ್ಟನ್ನು ಕಳುಹಿಸುವುದು ಅಸಾಧ್ಯವೇ ಸರಿ. ಆದ್ದರಿಂದ ಧ್ವನಿಯನ್ನು ಹಿಂಡಿ ಚಿಕ್ಕದು ಮಾಡಿ, ಕೇಳುವಾಗ ಮತ್ತೆ ಬಿಡಿಸುವ ವಿದ್ಯೆ ಬೇಕಾಯಿತು. ಈ ವಿದ್ಯೆಗೆ ಕೋಡೆಕ್ ಎಂದು ಹೆಸರು. ಈ ವಾರ್ಷಿಕದಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ನಡುವೆ ಹೋಗಿ ಬರುವ ಅನುವಾದಕನಂತೆ ಅದಕ್ಕೂ ಎರಡು ಕಡೆಯ ಕೆಲಸ.

ಹಿಂಡುವುದು ಹೇಗೆ? ಚೆಂಡೆಯ ಪೆಟ್ಟು ಜೋರಾಗಿ ಬಿದ್ದ ಗಳಿಗೆಯಲ್ಲಿ ಪಕ್ಕದವನ ಪಿಸುಮಾತು ನಮಗೆ ಕೇಳಿಸದು. ದೊಡ್ಡ ಸದ್ದು ತನ್ನ ನೆರೆಯ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಕಿವಿಗೆ ಹೇಗೂ ಕೇಳಿಸದ್ದನ್ನು ಬರೆದಿಡುವುದೇಕೆ ಎಂಬುದೇ ಇದರ ಮರ್ಮ. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಈ ಮರ್ಮವನ್ನು ವಿಧಾನವಾಗಿಸಿದರು. ಸುಝಾನ್ ವೇಗಾ ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಎಂಬ ಗೀತೆಯನ್ನು ಮತ್ತೆ ಮತ್ತೆ ಕೇಳಿ, ಆಕೆಯ ಕಂಠ ಕೆಡದ ಹಾಗೆ ತಿದ್ದಿದರಂತೆ. ಇತರ ಕೆಲವು ಸಂಸ್ಥೆಗಳ ವಿದ್ಯೆಯೂ ಇದರೊಡನೆ ಸೇರಿತು. 1993ರಲ್ಲಿ ಅಂತಾರಾಷ್ಟ್ರೀಯ ಮಾನಕದ ಭಾಗವಾಗಿ ಪ್ರಕಟವಾದ ಇದಕ್ಕೆ 1995ರ ಜುಲೈಯಲ್ಲಿ ಎಂಪಿ3 ಎಂಬ ಕಿರುಹೆಸರು ಬಂತು. ಸಿ.ಡಿ.ಯ ಹನ್ನೊಂದರಲ್ಲಿ ಒಂದು ಪಾಲು ಜಾಗದಲ್ಲಿ ಹಾಡು ಕುಳಿತುಕೊಂಡಿತು.

ಮಾನಕವೆಂದ ಮೇಲೆ ಎಲ್ಲರಿಗೂ ಸೇರಿದ್ದು ಎಂದು ಸಾಮಾನ್ಯರು ತಿಳಿಯುತ್ತಾರೆ. ಪುಸ್ತಕ ಎಲ್ಲರಿಗೂ ಸಿಗುತ್ತಿತ್ತು, ಆದರೆ ಅದರೊಳಗಿನ ವಿಧಾನಗಳ ಮೇಲೆ ಪೇಟೆಂಟುಗಳಿದ್ದವು. 1998ರ ಸೆಪ್ಟೆಂಬರಿನಲ್ಲಿ, ಎಂಪಿ3 ಹಿಂಡುವ ತಂತ್ರಾಂಶಗಳನ್ನು ಬರೆದು ಧರ್ಮಕ್ಕೆ ಹಂಚುತ್ತಿದ್ದವರಿಗೆ ಫ್ರೌನ್‌ಹೋಫರ್‌ನಿಂದ ಪತ್ರ ಹೋಯಿತು: ಪರವಾನಗಿ ಪಡೆಯಿರಿ, ಶುಲ್ಕ ಕೊಡಿ. ಮುಂದೆ ಪ್ರಕಟವಾದ ದರಪಟ್ಟಿಯಲ್ಲಿ, ಹಾಡು ಬಿಡಿಸುವ ತಂತ್ರಾಂಶದ ಒಂದೊಂದು ಪ್ರತಿಗೆ 75 ಸೆಂಟ್, ವರ್ಷಕ್ಕೆ ಕನಿಷ್ಠ 15,000 ಡಾಲರ್ ಎಂದಿತ್ತು. ವರ್ಷಗಟ್ಟಲೆ ದುಡಿದವರು ಕೂಲಿ ಕೇಳುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಧರ್ಮಕ್ಕೆ ಕೊಡುವವನಿಗೆ ಪ್ರತಿಗಳ ಎಣಿಕೆಯೇ ಇಲ್ಲ, ಹಣ ಕಟ್ಟಿಸಿಕೊಳ್ಳುವ ಕೌಂಟರೂ ಇಲ್ಲ. ಅವನು ಶುಲ್ಕವನ್ನು ಎಲ್ಲಿಂದ ತಂದಾನು? ಹಲವರು ಕೆಲಸ ನಿಲ್ಲಿಸಿದರು. ಲೇಮ್ ಎಂಬ ತಂಡದವರು ತಮ್ಮ ಹೆಸರಿನಲ್ಲೇ 'ಇದು ಎಂಪಿ3 ತಂತ್ರಾಂಶವಲ್ಲ' ಎಂಬ ಅರ್ಥವನ್ನು ಅಡಗಿಸಿ, ಬರಿಯ ಮೂಲಬರಹವನ್ನಷ್ಟೇ ಹಂಚತೊಡಗಿದರು.

ಅಮೆರಿಕದ ಕ್ರಿಸ್ ಮಾಂಟ್‌ಗೊಮೆರಿ ಬೇರೆ ದಾರಿ ಹಿಡಿದರು. 1993ರಲ್ಲೇ ಅವರು ಹವ್ಯಾಸಕ್ಕೆಂದು ಧ್ವನಿ ಹಿಂಡುವ ಒಂದು ಸಣ್ಣ ಕೆಲಸಕ್ಕೆ ಕೈಹಾಕಿದ್ದರು. ಪತ್ರದ ಸುದ್ದಿ ಬಂದ ಮೇಲೆ, ಯಾರ ಪೇಟೆಂಟಿಗೂ ತಾಗದಂತೆ ಮೊದಲಿನಿಂದ ಕಟ್ಟುವುದೆಂದು ಅದು ದೊಡ್ಡ ಸಂಕಲ್ಪವಾಯಿತು. ಪೆಟ್ಟಿಗೆಗೆ ಓಗ್ ಎಂದೂ ಒಳಗಿನ ವಿದ್ಯೆಗೆ ವೋರ್ಬಿಸ್ ಎಂದೂ ಹೆಸರು. ಝಿಫ್.ಆರ್ಗ್ ಎಂಬ ಪ್ರತಿಷ್ಠಾನದ ಆಶ್ರಯದಲ್ಲಿ 2002ರ ಜುಲೈ 19ರಂದು ವೋರ್ಬಿಸ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದಕ್ಕೂ ಮೊದಲು, 2001ರಲ್ಲಿ, ಅದರ ಪರವಾನಗಿಯನ್ನು ಇನ್ನಷ್ಟು ಸಡಿಲಿಸಿ, ವ್ಯಾಪಾರಿಗಳೂ ತಮ್ಮ ಯಂತ್ರಗಳಲ್ಲಿ ಯಾವ ಷರತ್ತಿನ ಭಯವಿಲ್ಲದೆ ಬಳಸುವಂತೆ ಮಾಡಲಾಯಿತು. ಸ್ವತಂತ್ರ ತಂತ್ರಾಂಶದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ರಿಚರ್ಡ್ ಸ್ಟಾಲ್‌ಮನ್ ಸಹ ಇದಕ್ಕೆ ಸಮ್ಮತಿಸಿದರು. ಮಾನಕವೊಂದು ಬಾಳಬೇಕಾದರೆ ಹರಡಬೇಕು ಎಂಬುದು ಅವರಿಗೂ ತಿಳಿದಿತ್ತು.

ಇದೇ ಹೊತ್ತಿಗೆ ಜೋಶ್ ಕೋಲ್ಸನ್ ಎಂಬವರು ಫ್ಲಾಕ್ ಎಂಬುದನ್ನು ರಚಿಸಿದರು. 2001ರ ಜುಲೈಯಲ್ಲಿ ಪೂರ್ಣಗೊಂಡ ಅದು 2003ರಲ್ಲಿ ಝಿಫ್‌ನ ಮನೆ ಸೇರಿತು. ಎಂಪಿ3ಯಂತೆ ಇದು ಏನನ್ನೂ ಎಸೆಯುವುದಿಲ್ಲ. ಕಟ್ಟಿಟ್ಟ ನೋಟುಗಳನ್ನು ಬಿಚ್ಚಿ ಎಣಿಸಿದರೆ ಒಂದೂ ಕಡಿಮೆಯಾಗಿರದಂತೆ, ಬಿಡಿಸಿದಾಗ ಮೂಲಧ್ವನಿಯ ಪ್ರತಿಯೊಂದು ಬಿಟ್ಟೂ ಮರಳುತ್ತದೆ. ಜಾಗವೇನೋ ಸುಮಾರು ಅರ್ಧದಷ್ಟು ಬೇಕು. ಇಷ್ಟು ವರ್ಷ ಬಳಕೆಯಲ್ಲಿದ್ದ ಈ ಫ್ಲಾಕ್ 2024ರ ಡಿಸೆಂಬರಿನಲ್ಲಿ ಇಂಟರ್‌ನೆಟ್ಟಿನ ಅಧಿಕೃತ ಮಾನಕಪತ್ರಗಳ ಸಾಲಿಗೂ ಸೇರಿತು.

ಚಿತ್ರದ ಕತೆ ಇನ್ನೂ ಕಠಿಣ. ಆನ್2 ಎಂಬ ಕಂಪೆನಿ 2001ರಲ್ಲಿ ಬಿಟ್ಟುಕೊಟ್ಟ ವಿಪಿ3 ವಿದ್ಯೆಯಿಂದ ಝಿಫ್‌ನವರು ಥಿಯೋರಾ ಎಂಬುದನ್ನು ಬೆಳೆಸಿದರು. ಅದು ಪೂರ್ಣಗೊಳ್ಳುವಾಗ 2008ರ ನವೆಂಬರ್ ಆಗಿತ್ತು. ಮರುವರ್ಷ ಫೈರ್‌ಫಾಕ್ಸ್ ಅದನ್ನು ಅಳವಡಿಸಿತು. ಆದರೆ ಜಾಲತಾಣಗಳಿಗೆಲ್ಲ ಒಂದೇ ವಿಡಿಯೋ ಮಾನಕವಿರಲಿ ಎಂಬ ಪ್ರಸ್ತಾಪ ಬಂದಾಗ ದೊಡ್ಡ ಕಂಪೆನಿಗಳಲ್ಲಿ ಒಮ್ಮತ ಮೂಡಲಿಲ್ಲ. ಗುಣದಲ್ಲಿಯೂ ಥಿಯೋರಾ ಪೇಟೆಂಟಿನ ಎಚ್.264ಕ್ಕೆ ಸಮನಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. 2010ರಲ್ಲಿ ಗೂಗಲ್ ಆನ್2 ಕಂಪೆನಿಯನ್ನೇ ಕೊಂಡು ವಿಪಿ8 ಎಂಬುದನ್ನು ಶುಲ್ಕವಿಲ್ಲದೆ ಬಿಡುಗಡೆ ಮಾಡಿತು. 2015ರಲ್ಲಿ ಅಮೆಜಾನ್, ಸಿಸ್ಕೊ, ಗೂಗಲ್, ಇಂಟೆಲ್, ಮೈಕ್ರೋಸಾಫ್ಟ್, ಮೊಝಿಲ್ಲಾ, ನೆಟ್‌ಫ್ಲಿಕ್ಸ್ ಸೇರಿ ಕೂಟವೊಂದನ್ನು ಕಟ್ಟಿ, 2018ರ ಮಾರ್ಚಿನಲ್ಲಿ ಎವಿ1 ಎಂಬುದನ್ನು ಪ್ರಕಟಿಸಿದವು. ಇದು ದಾನಬುದ್ಧಿಯಿಂದಲೇ ಆಯಿತೆಂದು ನಾನು ನಂಬುವುದಿಲ್ಲ. ಎಚ್.264ರ ನಂತರ ಬಂದ ಮಾನಕಕ್ಕೆ ಒಂದಕ್ಕಿಂತ ಹೆಚ್ಚು ಪೇಟೆಂಟ್ ಗುಂಪುಗಳು ಬೇರೆಬೇರೆಯಾಗಿ ಶುಲ್ಕ ಕೇಳತೊಡಗಿದಾಗ ದೊಡ್ಡವರಿಗೂ ಲೆಕ್ಕ ತಪ್ಪಿತು. ಹವ್ಯಾಸಿಗಳು ಹದಿನೈದು ವರ್ಷ ಹೇಳಿದ ಮಾತು ಆಗ ಅವರಿಗೆ ಕೇಳಿಸಿತು. ಎವಿ1ರ ಮೇಲೂ ತಮ್ಮ ಪೇಟೆಂಟುಗಳಿವೆ ಎನ್ನುವವರು 2019ರಲ್ಲಿ ಕಾಣಿಸಿಕೊಂಡರು. ಹಾಗಾಗಿ ಜಗಳ ಪೂರ್ತಿ ತೀರಿತೆನ್ನುವಂತಿಲ್ಲ.

ನಮಗೆ ಅತಿ ಹತ್ತಿರದ್ದು ಓಪಸ್. ಝಿಫ್‌ನ ಜೀನ್-ಮಾರ್ಕ್ ವಾಲಿನ್, ತಿಮೋತಿ ಟೆರಿಬೆರಿ ಹಾಗೂ ಸ್ಕೈಪ್‌ನಲ್ಲಿದ್ದ ಕೋನ್ ವೋಸ್ ಇವರು ತಮ್ಮ ತಮ್ಮ ವಿದ್ಯೆಗಳನ್ನು ಬೆಸೆದು, 2012ರ ಸೆಪ್ಟೆಂಬರಿನಲ್ಲಿ ಇದನ್ನು ಮಾನಕವಾಗಿಸಿದರು. ಸೆಕೆಂಡಿಗೆ ಬರಿಯ 6,000 ಬಿಟ್‌ನಲ್ಲಿ ಮಾತನ್ನೂ, 5,10,000 ಬಿಟ್‌ನವರೆಗೆ ಸಂಗೀತವನ್ನೂ ಇದು ಹೊರಬಲ್ಲದು. ಊರಿನ ಮನೆಯಿಂದ ಮಸ್ಕತ್ತಿಗೋ ದುಬಾಯಿಗೋ ವಾಟ್ಸಾಪಿನಲ್ಲಿ ಹೋಗುವ ಧ್ವನಿಸಂದೇಶ ಓಪಸ್‌ನಲ್ಲೇ ಹೋಗುತ್ತದೆ. ಅಮ್ಮ ಕನ್ನಡದಲ್ಲಿ ಮಾತಾಡಿದರೂ, ನೆರೆಮನೆಯವರು ಮಲಯಾಳದಲ್ಲಿ ಮಾತಾಡಿದರೂ ಅದು ಭೇದ ಮಾಡುವುದಿಲ್ಲ, ಕಾಸನ್ನೂ ಕೇಳುವುದಿಲ್ಲ.

ಎಂಪಿ3ಯ ಪರವಾನಗಿ ವ್ಯವಹಾರವೂ 2017ರ ಏಪ್ರಿಲಿನಲ್ಲಿ ಮುಗಿಯಿತು. ಹಾಗಾದರೆ ಸುಮ್ಮನೆ ಕಾದಿದ್ದರೆ ಸಾಕಿತ್ತಲ್ಲ ಎಂದು ಕೇಳುವವರಿದ್ದಾರೆ. ಪತ್ರ ಬಂದಂದಿನಿಂದ ಎಣಿಸಿದರೆ ಹದಿನೆಂಟು ವರ್ಷಗಳಿಗಿಂತ ಹೆಚ್ಚು. ಒಬ್ಬ ಹಳೆಯ ಭಾಗವತರ ಕಂಠ ಅಷ್ಟು ಕಾಲ ಕಾಯುವುದಿಲ್ಲ. ಹಣವಿರುವ ಭಾಷೆಗಳಿಗೆ ಶುಲ್ಕ ಕಟ್ಟುವವರು ಹೇಗೂ ಸಿಗುತ್ತಾರೆ. ಗಡಿಯಾಚೆ ಉಳಿದ, ಮಾರುಕಟ್ಟೆಯ ಲೆಕ್ಕಕ್ಕೆ ಬಾರದ ಭಾಷೆಯವರಿಗೆ ಬಾಗಿಲು ತೆರೆದಿದ್ದರೆ ಮಾತ್ರ ಪ್ರವೇಶ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಟೇಪು ಅಂಟಿಕೊಳ್ಳುವ ಮೊದಲೇ ಕಂಪ್ಯೂಟರಿಗೆ ಇಳಿಸಿ. ಮೂಲಪ್ರತಿ ಫ್ಲಾಕ್‌ನಲ್ಲಿರಲಿ, ಹಂಚುವ ಪ್ರತಿ ಓಪಸ್‌ನಲ್ಲಾಗಲಿ ಎಂಪಿ3ಯಲ್ಲಾಗಲಿ ಇರಲಿ. ಒಂದೇ ಕಡೆ ಇಡದೆ ಎರಡು ಮೂರು ಮನೆಗಳಲ್ಲಿ ಇಡಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಕನ್ನಡದಲ್ಲೇ ಬರೆದಿಡಿ. ಬೀಗ ತೆಗೆಯುವ ಕೆಲಸವನ್ನು ಬೇರೆಯವರು ಮಾಡಿಕೊಟ್ಟಿದ್ದಾರೆ. ಪೆಟ್ಟಿಗೆ ತುಂಬಿಸುವ ಕೆಲಸ ನಮ್ಮದು.