ಸ್ನಾಯುವಿನ ಉರುವಲು

1865ರ ಆಗಸ್ಟ್ 30ರಂದು ಅಡಾಲ್ಫ್ ಫಿಕ್ ಮತ್ತು ಯೋಹಾನೆಸ್ ವಿಸ್ಲಿಸೆನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರ ಹತ್ತಿದರು. ಹಿಂದಿನ ಮಧ್ಯಾಹ್ನದಿಂದ ಅವರು ಪ್ರೋಟೀನ್ ಇರುವ ಆಹಾರವನ್ನು ಮುಟ್ಟಿರಲಿಲ್ಲ. ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಸಕ್ಕರೆ ಹಾಕಿದ ಚಹಾ ಇವೇ ಮುಖ್ಯ ಊಟ. ತಮ್ಮ ಮೂತ್ರವನ್ನು ಕೂಡಿಟ್ಟು ಅದರ ಸಾರಜನಕವನ್ನು ಅಳೆದರು.

ಸ್ನಾಯು ದುಡಿಯುವಾಗ ತನ್ನ ಪ್ರೋಟೀನನ್ನೇ ಸುಟ್ಟುಕೊಳ್ಳುತ್ತದೆ ಎಂದು ಯೂಸ್ಟುಸ್ ಲೀಬಿಗ್ ಹೇಳಿದ್ದ. ಲೆಕ್ಕ ಹಾಕಿದರೆ, ಇವರ ದೇಹದಲ್ಲಿ ಕರಗಿದ ಪ್ರೋಟೀನಿನ ಶಕ್ತಿ ಆ ಏರಿಕೆಗೆ ಸಾಲುತ್ತಲೇ ಇರಲಿಲ್ಲ. ಉರುವಲು ಬೇರೆ, ಒಲೆ ಬೇರೆ ಎಂಬುದು ಹೀಗೆ ಗೊತ್ತಾಯಿತು. ಪ್ರೋಟೀನಿನ ಮುಖ್ಯ ಕೆಲಸ ಒಲೆಯ ರಿಪೇರಿ.

ಆದರೂ ಲೀಬಿಗ್‌ನ ನೆರಳು ಬೇಗ ಸರಿಯಲಿಲ್ಲ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ಡೇವಿಡ್ ಮೆಕೇ 1912ರ ತನ್ನ ಪುಸ್ತಕದಲ್ಲಿ, ಬಂಗಾಳಿಗಳ ಮೈಕಟ್ಟಿನ ಕೊರತೆಗೆ ಅನ್ನದ ಊಟದಲ್ಲಿನ ಪ್ರೋಟೀನಿನ ಅಭಾವವೇ ಕಾರಣ ಎಂದ. ಪೌರುಷದ ಬಗೆಗಿನ ವಸಾಹತುಶಾಹಿ ತೀರ್ಪೊಂದು ಹೀಗೆ ಗ್ರಾಮಿನ ಲೆಕ್ಕದ ವೇಷ ತೊಟ್ಟಿತೆಂದು ನನಗನ್ನಿಸುತ್ತದೆ. 1920ರ ದಶಕದಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟ ಹಾಕಿ ನೋಡಿದ. ಸಿಖ್ಖರ ಚಪಾತಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದವು ಚೆನ್ನಾಗಿ ಬೆಳೆದವು. ಮದ್ರಾಸಿನ ಅನ್ನದೂಟದವು ಸೊರಗಿದವು. ಒಂದೇ ತಳಿಯ ಇಲಿಗಳು ಅವು! ಜನಾಂಗದ ಮಾತು ಅಲ್ಲಿ ನಿಲ್ಲುವುದಿಲ್ಲ.

ಗರಡಿಯ ಪೈಲ್ವಾನರಿಗೆ ಹಾಲು, ಬಾದಾಮಿ, ನೆನೆಸಿದ ಕಡಲೆ ಮೊದಲಿನಿಂದಲೂ ಗೊತ್ತು. ಸಾಮು ಮಾಡಿ ದಣಿದ ಸ್ನಾಯುವಿನಲ್ಲಿ ಹೊಸ ಪ್ರೋಟೀನು ಕಟ್ಟಲು ಲ್ಯೂಸಿನ್ ಎಂಬ ಅಮೈನೋ ಆಮ್ಲ ಚಾಲನೆ ಕೊಡುತ್ತದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸಿನ್, ನಿಧಾನವಾಗಿ ಅರಗುವಂಥದ್ದು, ಉಳಿದ ಶೇ. 20 ವ್ಹೇ, ಬೇಗ ಅರಗುವಂಥದ್ದು, ಲ್ಯೂಸಿನ್ ಹೆಚ್ಚಿರುವಂಥದ್ದು. ಸೋಯಾ, ಬಟಾಣಿಗಳಲ್ಲಿ ಅದು ಕಡಿಮೆ. ತುಸು ಹೆಚ್ಚು ತಿಂದರೆ ಕೊರತೆ ತುಂಬುತ್ತದೆ. ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ. ಅನ್ನ-ಸಾರು ಒಂದರ ಕೊರತೆಯನ್ನು ಇನ್ನೊಂದು ನೀಗಿಸುವ ಜೋಡಿ, ಸಾರಿನಲ್ಲಿ ಬೇಳೆ ಧಾರಾಳವಾಗಿದ್ದರೆ ಮಾತ್ರ.

ವ್ಹೇಯ ಕತೆ ಇನ್ನೂ ಸೋಜಿಗದ್ದು. ಯುರೋಪಿನ ಚೀಸ್ ತಯಾರಕರು ಅದನ್ನು ಹಂದಿಗಳಿಗೆ ಹಾಕುತ್ತಿದ್ದರು, ಇಲ್ಲವೇ ಹೊಳೆಗೆ ಬಿಡುತ್ತಿದ್ದರು. ಸೂಕ್ಷ್ಮ ಪೊರೆಗಳಿಂದ ಸೋಸಿ ಪ್ರೋಟೀನನ್ನು ಬೇರ್ಪಡಿಸುವ ತಂತ್ರ ಬಂದ ಮೇಲೆ ಅದೇ ನೀರು ಪುಡಿಯಾಗಿ ಡಬ್ಬಿ ಸೇರಿತು. ನಮ್ಮಲ್ಲಿ ಪನೀರು ಮಾಡಿದಾಗ ಉಳಿಯುವ ತಿಳಿನೀರು ಅದರ ಹತ್ತಿರದ ನೆಂಟ. ಕೆಲವರು ಚಪಾತಿ ಹಿಟ್ಟು ಕಲಸುತ್ತಾರೆ, ಹಲವರು ಸಿಂಕಿಗೆ ಚೆಲ್ಲುತ್ತಾರೆ.